ಔಷಧಿ ಬೇಡದ ಬದನೆ ನೋಡಲು ಹೋದ ಮೂವರು

ಮದ್ದೂರು

ಬದನೆಕಾಯಿ ನೋಡುವುದಕ್ಕೆ ದೇಶ ಬಿಟ್ಟು ಹೋಗುತ್ತೇವೆ ಅಂದಾಗ ನಮ್ಮ ಬೀದಿಯವರೆಲ್ಲ ನಕ್ಕರು. ನಗಲಿ ಬಿಡಿ. ಮದ್ದೂರು ಸಂತೆಯಲ್ಲಿ ರಾಶಿ ರಾಶಿ ಬಿದ್ದಿರುವ ಕಾಯಿಯನ್ನು ನೋಡಲು ರೈಲು, ಬಸ್ಸು ಹತ್ತಿ ಬಾಂಗ್ಲಾದೇಶದ ತನಕ ಹೋಗುವವರನ್ನು ಕಂಡಿದ್ದರೆ ನಾನೂ ನಗುತ್ತಿದ್ದೆ.

ಹೊರಟವರು ಮೂವರು. ಒಬ್ಬ ನಾನು, ಶಿವಣ್ಣ. ಕೃಷಿ ಇಲಾಖೆಯಲ್ಲಿ ಸಹಾಯಕನಾಗಿದ್ದುಕೊಂಡು, ಮೊದಲು ಸೈಕಲ್ಲಿನಲ್ಲಿ ಆಮೇಲೆ ಮೊಪೆಡ್ಡಿನಲ್ಲಿ ಊರೂರು ಸುತ್ತಿ ರಿಟೈರಾದವನು. ಇನ್ನೊಬ್ಬ ಮಳವಳ್ಳಿ ಕಡೆಯ ಮರೀಗೌಡ, ನನ್ನ ಹೈಸ್ಕೂಲಿನ ಜೊತೆಗಾರ. ಅವನ ಮನೆಯಲ್ಲಿ ಮನುಷ್ಯರಿಗಿಂತ ನಾಟಿ ಬೀಜದ ಗಡಿಗೆಗಳಿಗೆ ಜಾಗ ಜಾಸ್ತಿ. ಗೊಬ್ಬರದಂಗಡಿಯ ಮುಂದೆ ಹಾದುಹೋಗುವಾಗಲೂ ಮೂಗು ಮುಚ್ಚಿಕೊಳ್ಳುವ ಆಸಾಮಿ. ಮೂರನೆಯವರು ಮಂಡ್ಯ ಪಕ್ಕದ ಹೊಳಲು ಹಳ್ಳಿಯ ಸಣ್ಣತಾಯಮ್ಮ.

ಸಣ್ಣತಾಯಮ್ಮನ ಗಂಡ ಕೆಂಪಣ್ಣ ಬದನೆ ಬೆಳೆಯುವುದರಲ್ಲಿ ಎತ್ತಿದ ಕೈ. ಬದನೆಗೆ ಒಂದು ಶನಿ ಇದೆ, ಕಾಯಿಕೊರಕ ಹುಳ. ಮೊಟ್ಟೆಯೊಡೆದ ಮರಿ ಕುಡಿಯೊಳಕ್ಕೋ ಕಾಯಿಯೊಳಕ್ಕೋ ತೂರಿಕೊಂಡರೆ ಮುಗಿಯಿತು, ಆಮೇಲೆ ಮೇಲೆ ಏನು ಸುರಿದರೂ ಅದಕ್ಕೆ ತಗಲುವುದಿಲ್ಲ. ತೂರುವ ಮೊದಲೇ ಹೊಡೆಯಬೇಕು, ಅಂದರೆ ವಾರಕ್ಕೆ ಎರಡು ಸಲ. ಹೊಡೆಯುವುದು ವಿಷವೇ ಆದರೂ ನಮ್ಮ ಕಡೆ ಅದಕ್ಕೆ ಔಷಧಿ ಅನ್ನುತ್ತೇವೆ. ಕೆಂಪಣ್ಣ ಇಪ್ಪತ್ತು ವರ್ಷ ಬೆನ್ನಿಗೆ ಕ್ಯಾನು ಹಾಕಿಕೊಂಡು ಆ ಔಷಧಿ ಹೊಡೆದ. ಯಾವುದು, ಎಷ್ಟು ಅಂತ ಚೀಟಿ ಬರೆದುಕೊಟ್ಟವನು ನಾನೇ. ಮೂತಿಗೆ ಬಟ್ಟೆ ಕಟ್ಟಿಕೋ ಅಂತಲೂ ಹೇಳಿದ್ದೆ. ಆ ಬಿಸಿಲಲ್ಲಿ ಯಾರು ಕಟ್ಟುತ್ತಾರೆ? ಈಗ ಅವನಿಗೆ ಮನೆಯಿಂದ ನಾಲೆ ಏರಿಯವರೆಗೆ ನಡೆದರೆ ಏದುಸಿರು. ಇನ್ನು ಕ್ಯಾನು ಮುಟ್ಟಿದರೆ ನನ್ನ ಹತ್ತಿರ ಬರಬೇಡ ಅಂದಿದ್ದಾರೆ ಡಾಕ್ಟರು. ಬದನೆ ಬಿಟ್ಟು ಬೇರೆ ಬೆಳೆ ಇಡು ಅಂದರೆ ಕೆಂಪಣ್ಣ ಒಪ್ಪುವುದಿಲ್ಲ. ಹೊಡೆಯದಿದ್ದರೆ ಬದನೆ ಬರುವುದಿಲ್ಲ.

ಬಾಂಗ್ಲಾದೇಶದ ಶಫೀಕ್ ನನ್ನ ಹಳೆಯ ಸ್ನೇಹಿತ. ಅಲ್ಲಿ ಅವನಿಗೂ ನನ್ನಂಥದೇ ನೌಕರಿ. ಕಬ್ಬಿನ ತರಬೇತಿಗೆ ಮಂಡ್ಯಕ್ಕೆ ಬಂದಿದ್ದಾಗ ನಮ್ಮ ಮನೆಯಲ್ಲಿ ಉಂಡು ಹೋಗಿದ್ದ. ಅವನ ಅಣ್ಣನ ಹೊಲದಲ್ಲಿ ಕುಲಾಂತರಿ ಬದನೆ ಬೆಳೆಯುತ್ತಾರೆ ಅಂತ ಫೋನಿನಲ್ಲಿ ಹೇಳಿದ. ಮಣ್ಣಿನಲ್ಲಿರುವ ಒಂದು ಅಣುಜೀವಿಯ ಗುಣವನ್ನು ಬದನೆಯ ಕುಲದೊಳಕ್ಕೇ ಸೇರಿಸಿ ಮಾಡಿದ ತಳಿ ಅದು. ಆ ಗಿಡವನ್ನು ತಿಂದ ಕಾಯಿಕೊರಕದ ಮರಿ ಅಲ್ಲೇ ಸಾಯುತ್ತದೆ. ನಮ್ಮ ದೇಶದಲ್ಲಿ ಅದನ್ನು ಬೆಳೆಯಲು ಒಪ್ಪಿಗೆ ಇಲ್ಲ, ಅಲ್ಲಿ ಉಂಟು.

ರೈಲಿಗೆ ಕಾಯುತ್ತಾ ಕೂತಿದ್ದಾಗಲೇ ಮರೀಗೌಡ ಶುರು ಮಾಡಿದ. "ಲೋ ಸಿವಣ್ಣ, ನೀನು ಮೆಚ್ಕೊಂಡು ಬರಾಕೆ ಓಯ್ತಾ ಇದ್ದೀಯ, ನಾನು ಬೈದು ಬರಾಕೆ ಓಯ್ತಾ ಇವ್ನಿ. ಆಯಮ್ಮ ಯಾಕೆ ಬತ್ತಾ ಅವ್ಳೆ, ಅದ ಕೇಳ್ಲಾ."

"ನಿಮ್ಮಿಬ್ರ ನ್ಯಾಯ ನಂಗೆ ಬ್ಯಾಡಿ ಗೌಡ್ರೇ," ಅಂದರು ಸಣ್ಣತಾಯಮ್ಮ. "ಔಸ್ದಿ ಒಡೀದೆ ಬದ್ನೆ ಬತ್ತದಾ ಇಲ್ವಾ, ಕಣ್ಣಲ್ಲಿ ನೋಡ್ಕೊಂಡು ಬರ್ಬೇಕು. ಸಂಕ್ರಾಂತಿ ಕಳುದ್ರೆ ಪೈರು ನೆಡ್ಬೇಕು. ನಾನು ಬರೋಗಂಟ ಕ್ಯಾನು ಮುಟ್ಟಾಕಿಲ್ಲ ಅಂತ ಅವ್ರ ಕೈಲಿ ಆಣೆ ಇಡಿಸ್ಕೊಂಡಿವ್ನಿ. ಬಂದ್ಮೇಲೆ ಏನ್ ಯೋಳ್ಲಿ, ಅದೇ ನಂಗೆ ಚಿಂತೆ."

ಗಡಿ

ಕೋಲ್ಕತ್ತದಿಂದ ಬಸ್ಸು ಹಿಡಿದು ಗಡಿ ತಲುಪಿದಾಗ ಮಧ್ಯಾಹ್ನ. ದೇಶದ ಗಡಿ ಅಂದರೆ ನನ್ನ ಮನಸ್ಸಿನಲ್ಲಿ ಏನೇನೋ ಇತ್ತು. ನೋಡಿದರೆ ನಮ್ಮೂರ ಪಕ್ಕದ ಗೆಜ್ಜಲಗೆರೆ ಗಾರ್ಮೆಂಟ್ಸ್ ಫ್ಯಾಕ್ಟರಿ ಬಿಟ್ಟ ಹೊತ್ತಿನ ಹಾಗೆ ಜನ. ಮೂಟೆ, ಮಕ್ಕಳು, ಟ್ರಂಕು, ತಳ್ಳಾಟ. ಆಚೆ ಕಡೆಯ ಮಣ್ಣೂ ಈಚೆ ಕಡೆಯ ಮಣ್ಣೂ ಒಂದೇ ಬಣ್ಣ.

ಬೀಜ, ಗಿಡ, ಮಣ್ಣು ಇದೆಯೇ ಅಂತ ಕೇಳುವ ಕಾಗದವೊಂದಿತ್ತು. ಮೂವರ ಪರವಾಗಿ ನಾನೇ 'ಇಲ್ಲ' ಅಂತ ಬರೆದು ಸಹಿ ಹಾಕಿದೆ. ರೈಲಿನಲ್ಲೇ ಕೇಳಿದ್ದೆನಲ್ಲ, ಬೀಜಗೀಜ ಏನಾದರೂ ಇದೆಯಾ ಅಂತ. ಇಲ್ಲ ಕಣ್ ಬುಡಿ ಅಂದಿದ್ದರು ಆಯಮ್ಮ.

ಆಚೆ ಕಡೆಯ ಎಳೆಯ ಅಧಿಕಾರಿಯೊಬ್ಬ ಸಣ್ಣತಾಯಮ್ಮನ ಬ್ಯಾಗು ತೆರೆಸಿದ. ಸೀರೆಗಳ ನಡುವೆ ಒಂದು ಟವೆಲ್ಲಿನ ಗಂಟು. ಬಿಚ್ಚಿದರೆ ಅಂಗೈಯಗಲದ ಬೆರಣಿ! ಅಧಿಕಾರಿ ಬೆರಳು ಹಿಂದಕ್ಕೆ ಎಳೆದುಕೊಂಡ. ನಾನು ನನ್ನ ಹರಕು ಹಿಂದಿಯಲ್ಲಿ 'ಗೋಬರ್, ಗೋಬರ್' ಅಂದೆ. ಅದು ಗೋಬರ್ ಅನ್ನುವುದು ಅವನಿಗೂ ಕಾಣುತ್ತಿತ್ತು. ಯಾಕೆ ಅನ್ನುವುದು ಅವನ ಪ್ರಶ್ನೆ.

ನಾನು ಬಾಯಿ ತೆರೆಯುವುದರೊಳಗೆ ಸಣ್ಣತಾಯಮ್ಮ ಬೆರಣಿಯನ್ನು ತೆಗೆದುಕೊಂಡು ಲಟ್ಟನೆ ಮುರಿದು ಅವನ ಮುಂದೆ ಹಿಡಿದರು. ಒಳಗೆ ಮೈತುಂಬ ಬದನೆ ಬೀಜ.

"ನಮ್ಮತ್ತೆ ಕಾಲದ ಬೀಜ ಕಣಪ್ಪ. ಒಂದಾದ್ರೂ ಉಳ ಮುಟ್ಟೈತಾ ನೋಡು!"

ನಮ್ಮ ಕಡೆಯ ಹೆಂಗಸರು ಬೀಜವನ್ನು ಸಗಣಿಯಲ್ಲಿ ಕಲಸಿ, ಬಿಲ್ಲೆ ತಟ್ಟಿ, ಗೋಡೆಗೆ ಹೊಡೆದು ಒಣಗಿಸಿ ಇಡುವುದು ಗೊತ್ತಿರುವವರಿಗೆ ಇದೇನೂ ಹೊಸದಲ್ಲ. ಗಡಿ ಕಾಯುವವನಿಗೆ ಹೊಸದು. ನಾನು ಆಯಮ್ಮನ ಕಡೆ ತಿರುಗಿದೆ.

"ಏನಮ್ಮ ತಾಯಿ, ಬೀಜ ಇಲ್ಲ ಅಂದಿದ್ದಿರಲ್ಲ!"

"ಬೀಜ ಅಂದ್ರೆ ಮೊರದಲ್ಲಿರೋದು ಸಿವಣ್ಣೋರೆ. ಇದು ಬೆರಣಿ ಅಲ್ವಾ? ನೀವು ಬೆರಣಿ ಐತಾ ಅಂತ ಕೇಳ್ನಿಲ್ಲ. ರೈತ್ರ ಮನೆಗೆ ಓಗೋವಾಗ ಬರಿಗೈಲಿ ಓಗ್ತಾರಾ ಯಾರಾದ್ರೂವೆ?"

ಹಿಂದೆ ನಿಂತಿದ್ದ ಮರೀಗೌಡ ಉಸಿರು ಕಟ್ಟುವ ಹಾಗೆ ನಗುತ್ತಿದ್ದ. ಎಳೆಯ ಅಧಿಕಾರಿ ಹಿರಿಯ ಅಧಿಕಾರಿಯನ್ನು ಕರೆದ. ಆತ ಕನ್ನಡಕ ಏರಿಸಿ ಬೆರಣಿಯನ್ನು ಅತ್ತಿತ್ತ ತಿರುಗಿಸಿ ನೋಡಿ, ಇದು ಒಳಗೆ ಬರುವಂತಿಲ್ಲ ಅಂದ. ಬೀಜದ ಜೊತೆ ಕಣ್ಣಿಗೆ ಕಾಣದ ರೋಗವೂ ದೇಶ ದಾಟುತ್ತದೆ, ನಿಮ್ಮ ಕಡೆಯವರೂ ನಮ್ಮ ಬೀಜವನ್ನು ಹೀಗೇ ತಡೆಯುತ್ತಾರೆ ಅಂತ ನಿಧಾನವಾಗಿ ತಿಳಿಸಿ ಹೇಳಿದ. ನಾನು ಇನ್ನೊಂದು ಕಾಗದಕ್ಕೆ ಸಹಿ ಹಾಕಿ ತಪ್ಪೊಪ್ಪಿಕೊಂಡೆ. ಸಣ್ಣತಾಯಮ್ಮ ಬೆರಣಿಯ ಎರಡೂ ಹೋಳನ್ನು ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಟ್ಟರು.

"ಆಗ್ಲಪ್ಪ, ನಿಮ್ ಕಾನೂನು ನಿಮ್ಗೆ. ಸುಡೋದಾದ್ರೆ ಒಲೇಲಿ ಸುಡು, ಕಸದ ಜೊತೆ ಸುಡ್ಬ್ಯಾಡ."

ನಾನು ಇದನ್ನು ಹಿಂದಿಗೆ ತಿರುಗಿಸಿದೆ. ಹಿರಿಯ ಅಧಿಕಾರಿ ಎದ್ದು ನಿಂತು, "ಆಚ್ಛಾ ಮಾ," ಅಂದ.

ಜೆಸ್ಸೋರು

ಶಫೀಕನ ಹಳ್ಳಿ ಜೆಸ್ಸೋರು ಜಿಲ್ಲೆಯಲ್ಲಿ. ಬಸ್ಸಿಳಿದ ಮೇಲೆ ಹಳ್ಳಿಗೆ 'ಭ್ಯಾನ್' ಅಂತೆ. ನಾವು ವ್ಯಾನು ಬರುತ್ತದೆ ಅಂತ ಕಾದರೆ ಬಂದದ್ದು ಸೈಕಲ್ಲಿಗೆ ಹಲಗೆ ಕಟ್ಟಿದ ಗಾಡಿ. ಸುತ್ತ ಕಾಲು ಇಳಿಬಿಟ್ಟು ಕೂರಬೇಕು. ನಾವು ಮೂವರೂ ಮರ್ಯಾದೆಯಿಂದ ಒಟ್ಟಿಗೆ ಹಿಂದುಗಡೆ ಕೂತೆವು. ಗಾಡಿ ಮೂತಿ ಎತ್ತಿ ಮೂಟೆ ಬಿಚ್ಚಿದ ಹಾಗೆ ನಮ್ಮನ್ನು ರಸ್ತೆಗೆ ಸುರಿಯಿತು. ಗಾಡಿಯವನು ನಗಲಿಲ್ಲ. ಒಬ್ಬೊಬ್ಬರನ್ನೇ ಎಬ್ಬಿಸಿ, ಧೂಳು ಕೊಡವಿ, ಮರೀಗೌಡನ ಹೊಟ್ಟೆಯನ್ನೊಮ್ಮೆ ಅಳೆಯುವ ಹಾಗೆ ನೋಡಿ, ಅವನನ್ನು ಮುಂದುಗಡೆ ಕೂರಿಸಿದ. ಆಗ ಗಾಡಿ ನೇರ ನಿಂತಿತು.

ಬೆಳಿಗ್ಗೆ ಎದ್ದರೆ ಮಂಜು. ಮಂಜಿನೊಳಗೆ ಸಾಲಾಗಿ ಈಚಲು ಮರ, ಮರಕ್ಕೊಂದು ಮಡಕೆ. ಮರೀಗೌಡನ ಮುಖ ಅರಳಿತು.

"ಲೇ, ಇಲ್ಲೂ ಹೆಂಡ ಇಳಿಸ್ತಾರೆ ಕಣ್ಲಾ!"

ಹೆಂಡ ಅಲ್ಲ. ಆ ರಸವನ್ನು ಅಗಲ ತಪ್ಪಲೆಯಲ್ಲಿ ಕಾಯಿಸಿ ಬೆಲ್ಲ ತೆಗೆಯುತ್ತಿದ್ದರು. ನಾನು ಆಲೆಮನೆಯ ಹೊಗೆ ಕುಡಿದು ಬೆಳೆದ ನಾಡಿನವನು. ಬೆಲ್ಲ ಅಂದರೆ ಕಬ್ಬು, ಬೇರೆ ಮಾತೇ ಇಲ್ಲ. ಈಚಲು ಬೆಲ್ಲವನ್ನು ಬೆರಳಿಗೆ ಮೆತ್ತಿಕೊಂಡು ನಾಲಗೆಗೆ ಇಟ್ಟರೆ, ಏನು ಹೇಳಲಿ, ಸ್ವಲ್ಪ ಹೊಗೆ, ಸ್ವಲ್ಪ ಹೂವು. ಮಂಡ್ಯದವನಾಗಿ ಇದನ್ನು ಬರೆಯಬಾರದು, ಆದರೂ ಬರೆಯುತ್ತೇನೆ: ನಾನು ಮೂರು ಸಲ ಕೇಳಿ ತಿಂದೆ. ಮರೀಗೌಡ ಮಾತ್ರ ಒಳ್ಳೆಯ ಮರ ಹಾಳು ಮಾಡುತ್ತಾರೆ ಅನ್ನುವ ಮುಖ ಮಾಡಿಕೊಂಡೇ ತಿಂದ.

ಶಫೀಕನ ಅಣ್ಣ ತರಕಾರಿ ಲಾರಿಯ ಜೊತೆ ಢಾಕಾಕ್ಕೆ ಹೋಗಿದ್ದರು. ಮನೆ, ಹೊಲ ಎರಡನ್ನೂ ನೋಡಿಕೊಳ್ಳುತ್ತಿದ್ದವಳು ಅತ್ತಿಗೆ ರೊಕೆಯಾ. ನಲವತ್ತು ದಾಟಿದ, ಸೆರಗು ಸೊಂಟಕ್ಕೆ ಬಿಗಿದ ಹೆಂಗಸು. ಬಂದವರನ್ನು ಆ ಕಡೆಯವರು ಮೊದಲು ಕೇಳುವುದು 'ಊಟ ಆಯಿತಾ' ಅಂತಲೇ. ಶಫೀಕ್ ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ಸಣ್ಣತಾಯಮ್ಮ "ಆಯ್ತು ಕಣವ್ವ, ನಿಂದಾಯ್ತಾ?" ಅಂದುಬಿಟ್ಟರು. ಆಮೇಲೆ ಆ ಇಬ್ಬರಿಗೆ ನಮ್ಮ ದುಭಾಷಿತನ ಬೇಕಾಗಲಿಲ್ಲ. ಇವರು ಕನ್ನಡ, ಅವಳು ಬಂಗಾಳಿ, ದಿನವೆಲ್ಲ ಮಾತು. ಅವಳು ಇವರನ್ನು 'ದಿದಿ' ಅನ್ನುವಳು, ಇವರು ಅವಳನ್ನು 'ರುಕ್ಕಮ್ಮ' ಅನ್ನುವರು.

ಬದನೆ ಹೊಲ

ಹೊಲಕ್ಕೆ ಕಾಲಿಟ್ಟ ಕೂಡಲೇ ಸಣ್ಣತಾಯಮ್ಮ ನೋಡಿದ್ದು ಕಾಯನ್ನಲ್ಲ, ಕುಡಿಯನ್ನು. ಹುಳ ತೂರಿದ ಗಿಡದಲ್ಲಿ ಎಳೆಯ ಕುಡಿ ಬಾಡಿ ಜೋತುಬಿದ್ದಿರುತ್ತದೆ. ಒಂದು ಸಾಲು ನಡೆದರು, ಇನ್ನೊಂದು ಸಾಲು ನಡೆದರು. ಒಂದು ಕುಡಿಯೂ ಬಾಡಿರಲಿಲ್ಲ. ಬುಟ್ಟಿಯಿಂದ ಕಾಯಿ ತೆಗೆದು, ಕುಡುಗೋಲು ಇಸಿದುಕೊಂಡು, ಕೊಯ್ದು ಕೊಯ್ದು ನೋಡಿದರು. ರೊಕೆಯಾ ತಡೆಯಲಿಲ್ಲ, ತಾನೇ ಆರಿಸಿ ಆರಿಸಿ ಕೊಟ್ಟಳು. ಬಿಳಿ ತಿರುಳು, ತೂತಿಲ್ಲ, ಕಪ್ಪಿಲ್ಲ. ಸಣ್ಣತಾಯಮ್ಮ ಕೊಯ್ಯುವುದನ್ನು ನಿಲ್ಲಿಸಿ ಕುಡುಗೋಲನ್ನು ವಾಪಸು ಕೊಟ್ಟರು. ಆಯಮ್ಮನ ಕಣ್ಣು ತುಂಬಿದ್ದು ನನಗೆ ಕಂಡಿತು.

ನನಗೆ ಗೆದ್ದ ಹಿಗ್ಗು. "ನೋಡೋ ಮರೀಗೌಡ!"

"ನೋಡ್ತಾ ಇವ್ನಿ ಕಣ್ಲಾ, ಕಣ್ಣು ಕುಲ್ಡಾಗಿಲ್ಲ," ಅಂದ ಅವನು. "ನಮ್ಮಲ್ಲಿ ಇಂಥದೇ ಕುಲಾಂತರಿ ಅತ್ತಿ ಬೀಜ ಬಂದಾಗ್ಲೂ ಮೊದಮೊದ್ಲು ಇಂಗೇ ಇತ್ತು. ಆಮೇಲೆ ಗುಲಾಬಿ ಉಳ ಅದುನ್ನೂ ತಿನ್ನಾಕೆ ಕಲ್ತ್ಕೊಳ್ನಿಲ್ವಾ?"

ಶಫೀಕನಿಗೆ ಅದನ್ನು ತಿಳಿಸಿದೆ. ಅವನು ನಮ್ಮನ್ನು ಹೊಲದ ಅಂಚಿಗೆ ಕರೆದುಕೊಂಡು ಹೋದ. ಸುತ್ತಲೂ ಮಾಮೂಲಿ ಬದನೆಯ ಸಾಲು. ಅಲ್ಲಿ ಕುಡಿ ಬಾಡಿತ್ತು, ಕಾಯಿ ತೂತಾಗಿತ್ತು, ಹುಳ ಆರಾಮಾಗಿತ್ತು. ಹುಳಕ್ಕೆಂದೇ ಬಿಟ್ಟ ಸಾಲಂತೆ ಅದು. ಇಲ್ಲಿ ಬದುಕಿಕೊಂಡ ಹುಳ ಒಳಗಿನ ಹೊಲದಲ್ಲಿ ಅಪ್ಪಿತಪ್ಪಿ ಉಳಿದ ಹುಳದ ಜೊತೆ ಕೂಡಿದರೆ, ಹುಟ್ಟುವ ಮರಿಗೆ ಆ ಗಿಡವನ್ನು ಅರಗಿಸಿಕೊಳ್ಳುವ ಶಕ್ತಿ ಬರುವುದು ತಡವಾಗುತ್ತದೆ ಅನ್ನುವುದು ಲೆಕ್ಕ.

ಮರೀಗೌಡ ಹುಳದ ಸಾಲಿನ ಮುಂದೆ ಬಹಳ ಹೊತ್ತು ನಿಂತ. ಬೈಯಲು ಬಂದವನಿಗೆ ಹುಳಕ್ಕೂ ಒಂದು ಪಾಲು ಬಿಡುವ ಪದ್ಧತಿ ಹಿಡಿಸಿಬಿಟ್ಟಿತ್ತು.

"ಎಲ್ರೂ ಬಿಡ್ತಾರಾ ಇಂಗೆ?"

ಶಫೀಕ್ ಪ್ರಾಮಾಣಿಕ. "ಇಲ್ಲ. ಜಾಗ ಕಮ್ಮಿ ಇರುವವರು ಬಿಡುವುದಿಲ್ಲ," ಅಂದ.

"ಬೀಜ ಯಾರ್ದು? ಕಂಪ್ನಿಯೋರು ವರ್ಸಾ ವರ್ಸಾ ಮಾರ್ತಾರಾ?"

"ಮೊದಲು ಸರ್ಕಾರದವರು ಕೊಟ್ಟರು. ಆಮೇಲೆ ಅತ್ತಿಗೆಯೇ ಹಣ್ಣು ಬಿಟ್ಟು ಬೀಜ ತೆಗೆದಿಡುತ್ತಾರೆ."

ಮರೀಗೌಡನ ದೊಡ್ಡ ಬಾಣ ಅದೇ ಆಗಿತ್ತು, ಅಲ್ಲೇ ಬಿದ್ದುಹೋಯಿತು. ಆದರೂ ಅವನು ಸುಲಭಕ್ಕೆ ಬಗ್ಗುವವನಲ್ಲ.

"ಸರಿ. ಸಂತೇಲಿ ಈ ಕಾಯ ಮಾರುವಾಗ, ಇದು ಅಂಥಾದ್ದು ಅಂತ ತಗೊಳ್ಳೋರ್ಗೆ ಯೋಳ್ತೀರಾ?"

ಶಫೀಕ್ ರೊಕೆಯಾಳನ್ನು ನೋಡಿದ. ಅವಳು ಇಲ್ಲ ಅಂತ ತಲೆಯಾಡಿಸಿದಳು. ಎಲ್ಲವನ್ನೂ ಒಂದೇ ರಾಶಿಗೆ ಹಾಕುತ್ತಾರೆ.

"ಅಲ್ನೋಡು! ಉಣ್ಣೋನ್ಗೆ ಗೊತ್ತಾಗ್ಬೇಕಾ ಬ್ಯಾಡ್ವಾ? ಇನ್ನು ಜೇನ್ನೊಣ ಇಲ್ಲಿ ಕೂತು ನಮ್ ನಾಟಿ ಬದ್ನೆ ಮೇಲೆ ಕೂತ್ರೆ ಏನು ಗತಿ? ಬದ್ನೆ ಹುಟ್ಟಿರೋದೇ ನಮ್ ನಾಡ್ನಾಗೆ. ಊರಿಗೊಂದು ತಳಿ ಐತೆ. ಒಂದ್ಸಲ ಕಲೆತ್ಮ್ಯಾಕೆ ಬ್ಯಾರೆ ಮಾಡಾಕೆ ನಿಮ್ಮಪ್ಪ ಬತ್ತಾನಾ?"

ನಮ್ಮಪ್ಪನನ್ನು ಯಾಕೆ ಎಳೆದ ಅಂತ ನನಗೆ ಸಿಟ್ಟು ಬಂತು. "ಕೆಂಪಣ್ಣನ ಎದೆಗೂಡು ಒಂದ್ಸಲ ಕೆಟ್ಟ ಮೇಲೆ ಸರಿ ಮಾಡೋಕೆ ನಿಮ್ಮಪ್ಪ ಬರ್ತಾನಾ?" ಅಂದೆ.

ಹೀಗೆ ಇಬ್ಬರು ಮುದುಕರು ಪರದೇಶದ ಬದನೆ ಹೊಲದಲ್ಲಿ ಅಪ್ಪಂದಿರನ್ನು ಕರೆದುಕೊಂಡು ಜಗಳವಾಡುತ್ತಿದ್ದಾಗ ಸಣ್ಣತಾಯಮ್ಮ ಪಂಪ್‌ಮನೆಯಿಂದ ಹೊರಗೆ ಬಂದರು. ಕೈಯಲ್ಲಿ ಔಷಧಿ ಹೊಡೆಯುವ ಕ್ಯಾನು.

"ಇದ್ಯಾಕೈತೆ ಇಲ್ಲಿ?"

ಕಾಯಿಕೊರಕಕ್ಕೆ ಬೇಡ, ಆದರೆ ಬಿಳಿನೊಣಕ್ಕೆ, ನುಸಿಗೆ ಈಗಲೂ ಹೊಡೆಯಬೇಕು ಅಂದ ಶಫೀಕ್. ಎಷ್ಟು ಸಲ? ರೊಕೆಯಾ ಮೊದಲು ಎರಡೂ ಕೈ ಬಿಚ್ಚಿ, ಮುಚ್ಚಿ, ಬಿಚ್ಚಿ, ಮುಚ್ಚಿ ತೋರಿಸಿದಳು. ಅದು ಹಿಂದಿನದು. ಆಮೇಲೆ ಒಂದು ಕೈಯ ನಾಲ್ಕು ಬೆರಳು. ಅದು ಈಗಿನದು.

ಸಣ್ಣತಾಯಮ್ಮ ಕ್ಯಾನನ್ನು ಒಳಗಿಟ್ಟು ಬಂದರು. "ನಾಲ್ಕು ಸಲ ಆದ್ರೆ ನಾನೇ ಒಡೀಬೋದು, ಮೂತಿಗೆ ಬಟ್ಟೆ ಕಟ್ಕೊಂಡು," ಅಂದರು, ಯಾರಿಗೂ ಅಲ್ಲ ಅನ್ನುವಂತೆ. ಆಮೇಲೆ ನಮ್ಮ ಕಡೆ ತಿರುಗಿ, "ಸಾಕು ನಿಲ್ಸಿ. ನೋಡ್ದೋರು ಏನಂದ್ಕೊಂಡಾರು," ಅಂದರು.

ಸೋಮವಾರ

ಸೋಮವಾರ ಸಣ್ಣತಾಯಮ್ಮ ಮೀನು ಮುಟ್ಟುವುದಿಲ್ಲ. ರೊಕೆಯಾ ಅವತ್ತೇ ದೊಡ್ಡ ಮೀನು ತರಿಸಿದ್ದಳು. ಶಿವನ ವಾರ ಅಂತ ನಾನು ವಿವರಿಸಿದೆ. ಅವಳು ಒಂದು ಚೂರೂ ಬೇಜಾರು ಮಾಡಿಕೊಳ್ಳದೆ, ಉಪವಾಸದ ದಿನ ತಮಗೂ ಉಂಟು ಅಂತ ಹೇಳಿ, ಹೊಸ ಮಡಕೆ ತೆಗೆದು ದಿದಿಗೆ ಬೇರೆ ಒಲೆ ಹೂಡಿಕೊಟ್ಟಳು. ಹೇಗೂ ಒಲೆ ಸಿಕ್ಕಿತಲ್ಲ ಅಂತ ಮರೀಗೌಡ ತಾನು ಊರಿನಿಂದ ಹೊತ್ತು ತಂದಿದ್ದ ರಾಗಿ ಹಿಟ್ಟನ್ನು ಹೊರಗೆ ತೆಗೆದ. ಬದನೆಕಾಯಿ ಸುಟ್ಟು ಬಜ್ಜಿ, ಅದಕ್ಕೆ ಮುದ್ದೆ.

ಅವರೂ ಬದನೆ ಸುಡುತ್ತಾರೆ. ಸಿಪ್ಪೆ ಸುಲಿದು ಕಿವುಚಿ, ಹಸಿ ಸಾಸಿವೆ ಎಣ್ಣೆ ಸುರಿಯುತ್ತಾರೆ. ಮೂಗಿಗೆ ಹೋಗಿ ಕಣ್ಣಲ್ಲಿ ಬರುತ್ತದೆ. ನಾವು ಒಗ್ಗರಣೆ ಹಾಕಿ ಹುಳಿ ಹಿಂಡಿದೆವು. ಎರಡು ಬಟ್ಟಲು ಪಕ್ಕಪಕ್ಕ. ಕುಲಾಂತರಿ ಬದನೆಗೆ ರುಚಿ ಬೇರೆಯಾ ಅಂತ ನೀವು ಕೇಳುತ್ತೀರಿ. ಬದನೆಕಾಯಿ ರುಚಿಯೇ ಇತ್ತು. ಮರೀಗೌಡ ಮೊದಲು ಒಂದು ತುತ್ತು ಬೆರಳ ತುದಿಯಲ್ಲಿ, ಕಷಾಯ ಕುಡಿಯುವವನ ಹಾಗೆ. ಆಮೇಲೆ ಬಟ್ಟಲನ್ನೇ ಹತ್ತಿರಕ್ಕೆ ಎಳೆದುಕೊಂಡ. "ಉಣ್ಣೋದು ಬ್ಯಾರೆ, ಒಪ್ಪೋದು ಬ್ಯಾರೆ," ಅಂದ, ಬಾಯಿ ತುಂಬಿಕೊಂಡು.

ಶಫೀಕ್ ಮುದ್ದೆಯನ್ನು ಅಗಿದ. ಅಗಿದ, ಅಗಿದ, ಪಾಪ, ಅಗಿಯುತ್ತಲೇ ಇದ್ದ. ಮಂಡ್ಯಕ್ಕೆ ಬಂದಾಗಲೂ ಹೀಗೇ ಮಾಡಿದ್ದ. "ನುಂಗಪ್ಪ, ನುಂಗು!" ಅಂತ ಸಣ್ಣತಾಯಮ್ಮ ಅವನ ಬೆನ್ನು ತಟ್ಟಿದರು.

ಊಟ ಮುಗಿದ ಮೇಲೆ ಹೆಂಗಸರಿಬ್ಬರೂ ಹಿತ್ತಲಿನ ಬಿಸಿಲಿಗೆ ಕೂತಿದ್ದರು. ನಾನು ಜಗಲಿಯಿಂದ ನೋಡುತ್ತಿದ್ದೆ. ಸಣ್ಣತಾಯಮ್ಮ ಎದೆ ಮುಟ್ಟಿಕೊಂಡು ಕೆಂಪಣ್ಣ ಉಸಿರೆಳೆಯುವ ಹಾಗೆ ಎಳೆದು ತೋರಿಸಿದರು. ಉಸಿರು ಸಿಕ್ಕಿಹಾಕಿಕೊಳ್ಳುವ ಆ ಸದ್ದು ಜಗಲಿಯವರೆಗೆ ಬಂತು. ರೊಕೆಯಾ ಅವರ ಕೈ ಹಿಡಿದುಕೊಂಡಳು. ತನ್ನ ಗಂಡನೂ ಹೊಡೆದ ದಿನವೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದ ಅಂತ ಬಾಗಿ, ಹೊಟ್ಟೆ ಹಿಡಿದು ತೋರಿಸಿದಳು. ಅಲ್ಲಿ ಕೂರಲಾಗದೆ ನಾನು ಎದ್ದುಹೋದೆ. ಎಷ್ಟು ಜನಕ್ಕೆ ಚೀಟಿ ಬರೆದಿದ್ದೆನೋ.

ಹಿಂದೆಯೇ ಬಂದ ಮರೀಗೌಡ, "ಕೆಂಪಣ್ಣಂಗೆ ಅಷ್ಟೊಂದು ಆಗೈತಾ? ನಂಗೆ ಯೋಳ್ನೇ ಇಲ್ವಲ್ಲೋ," ಅಂದ. ನೀನು ಕೇಳಲೇ ಇಲ್ಲ ಅಂದೆ. ಆ ಸಂಜೆ ನಮ್ಮಿಬ್ಬರ ನಡುವೆ ವಾದ ನಡೆಯಲಿಲ್ಲ.

ಹೊರಡುವ ಬೆಳಿಗ್ಗೆ

ಭ್ಯಾನ್ ಬಾಗಿಲಿಗೆ ಬಂದು ನಿಂತಿತ್ತು. ರೊಕೆಯಾ ಸಣ್ಣತಾಯಮ್ಮನನ್ನು ಒಳಗೆ ಕರೆದಳು, ನಾವೂ ಹಿಂದೆ ಹೋದೆವು. ಗೂಡಿನಿಂದ ಮಣ್ಣಿನ ಕುಡಿಕೆ ತೆಗೆದು, ಒಂದು ಹಿಡಿ ಬೀಜ ಸುರಿದು, ಇವರ ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು. ನಮ್ಮಲ್ಲಿ ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ಕಟ್ಟುತ್ತಾರಲ್ಲ, ಹಾಗೆ. ಯಾವ ಬೀಜ ಅಂತ ಯಾರೂ ಕೇಳಬೇಕಾಗಿರಲಿಲ್ಲ. ಹೊಳಲಿನ ಅರ್ಧ ಎಕರೆಗೆ ಧಾರಾಳ ಸಾಕಾಗುತ್ತಿತ್ತು.

ಸಣ್ಣತಾಯಮ್ಮ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು.

ನಾನು ಸರ್ಕಾರಿ ನೌಕರಿ ಮಾಡಿದವನು. ಗಡಿ ದಾಟಿಸುವುದೂ ತಪ್ಪು, ನಮ್ಮಲ್ಲಿ ಬಿತ್ತುವುದೂ ತಪ್ಪು. ಬೇಡ ಅನ್ನಬೇಕಾಗಿತ್ತು. ನನ್ನ ಬಾಯಿಂದ ಬರಲಿಲ್ಲ.

ಮರೀಗೌಡನಾದರೂ ಅಂದಾನು ಅಂತ ಅವನ ಕಡೆ ತಿರುಗಿದೆ. ಒಂದು ವಾರದಿಂದ ಈ ಬೀಜವನ್ನು ಬೈದು ಬೈದು ಗಂಟಲು ಕಟ್ಟಿದ್ದವನು ಅವನು. ನೆಲ ನೋಡುತ್ತಾ, "ತಗೊಂಡೋಗವ್ವ," ಅಂದ. "ನಾನು ನೋಡ್ನಿಲ್ಲ ಅಂದ್ಕೋತೀನಿ. ಮನುಸ ಮೊದ್ಲು ಉಳೀಲಿ."

ಹೊರಗೆ ಭ್ಯಾನಿನವನು ಗಂಟೆ ಹೊಡೆದ.

ಸಣ್ಣತಾಯಮ್ಮ ಕುಡಿಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸೆರಗಿನ ಗಂಟು ಬಿಚ್ಚತೊಡಗಿದರು. ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಿದರು.

"ಯಾಕಮ್ಮ?" ಅಂದೆ.

"ಬಿತ್ತಿದ್ರೆ ಚೆನ್ನಾಗೇ ಬತ್ತದೆ ಸಿವಣ್ಣೋರೆ. ಬಂದ್ರೆ ಪಕ್ಕದೊಲದ ಚಿಕ್ಕಮ್ಮ ಒಂದಿಡಿ ಬೀಜ ಕೊಡವ್ವ ಅಂತ ಬತ್ತಾಳೆ. ಅವ್ಳ ಗಂಡ್ನೂ ಔಸ್ದಿ ಒಡ್ಯೋನೆ. ಇಲ್ಲ ಅಂತ ಸುಳ್ಳು ಯೋಳ್ಲಾ? ಕೊಟ್ರೆ ಅವ್ಳ್ನೂ ಕಳ್ಳಿ ಮಾಡ್ದಂಗೆ ಆಯ್ತದೆ. ನಮ್ಮತ್ತೆ ನನ್ ಕೈಗೆ ಬೀಜ ಕೊಟ್ಟಾಗ, ಕೇಳ್ದೋರ್ಗೆ ಇಲ್ಲ ಅನ್ಬ್ಯಾಡ ಅಂತ ಯೋಳಿ ಕೊಟ್ರು. ಬಚ್ಚಿಟ್ಕೊಂಡು ಬಿತ್ತೋ ಬೀಜ ನಂಗೆ ಗೊತ್ತಿಲ್ಲ ಕಣ್ರಿ."

ಬೀಜವನ್ನು ಕುಡಿಕೆಗೆ ಸುರಿದರು. ಸೆರಗಿನ ನೂಲಿಗೆ ಅಂಟಿಕೊಂಡಿದ್ದ ಒಂದೆರಡನ್ನೂ ಉಗುರಿನಲ್ಲಿ ಬಿಡಿಸಿ ಹಾಕಿದರು. ಏನಾಯಿತೋ ಅಂತ ಗಾಬರಿಯಾಗಿದ್ದ ರೊಕೆಯಾಳಿಗೆ ಶಫೀಕ್ ನನ್ನಿಂದ ಕೇಳಿಕೊಂಡು ಎಲ್ಲವನ್ನೂ ಹೇಳಿದ. ಅವಳು ಕೇಳಿ, ಒಳಗೆ ಹೋಗಿ ಈಚಲು ಬೆಲ್ಲದ ಒಂದು ಉಂಡೆ ತಂದು ಅದೇ ಸೆರಗಿಗೆ ಕಟ್ಟಿದಳು. ಇದಕ್ಕಾದರೂ ಕಾನೂನು ಇಲ್ಲ ತಾನೆ ಅನ್ನುವಂತೆ ನನ್ನನ್ನು ನೋಡಿದಳು. ಅಪ್ಪಿಕೊಂಡು ಇಬ್ಬರೂ ಅತ್ತರು. ಭ್ಯಾನಿನಲ್ಲಿ ಈ ಸಲ ಯಾರು ಎಲ್ಲಿ ಕೂರಬೇಕು ಅಂತ ಹೇಳಿಸಿಕೊಳ್ಳದೆ ಕೂತೆವು.

ಹೊಳಲು

ಮಂಡ್ಯ ಸ್ಟೇಷನ್ನಿಗೆ ಕೆಂಪಣ್ಣನೇ ಬಂದಿದ್ದ. ಹೆಂಡತಿಯ ಬ್ಯಾಗಿಗೆ ಕೈ ಹಾಕುತ್ತಾ ಕೇಳಿದ್ದು ಒಂದೇ ಮಾತು. "ತಂದ್ಯಾ?"

"ಇಲ್ಲ."

"ಬರಾಕಿಲ್ವಾ ಔಸ್ದಿ ಇಲ್ದೆ?"

"ಬತ್ತದೆ. ಕಣ್ಣಾರೆ ನೋಡ್ದೆ. ಆದ್ರೂ ತರ್ನಿಲ್ಲ."

ಕೆಂಪಣ್ಣ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತುಬಿಟ್ಟ. ಉಸಿರು ಹತೋಟಿಗೆ ಬರುವ ತನಕ ಕಾದೆವು. "ಅಂಗಾರೆ ಪೈರು ನೆಟ್ಮ್ಯಾಕೆ ನಾನು ಕ್ಯಾನು ಎತ್ಲೇಬೇಕಲ್ಲೇ," ಅಂದ.

"ನೀ ಎತ್ತಾಕಿಲ್ಲ. ಈ ವರ್ಸ ಕಾಲೆಕರೆ ಮಾತ್ರ ಬದ್ನೆ. ಕುಡಿ ಬಾಡಿದ್ನೆಲ್ಲ ದಿನಾ ಬೆಳಿಗ್ಗೆ ಕೈಲೇ ಚಿವುಟೋದು. ಸಾಕಾಗ್ನಿಲ್ಲ ಅಂದ್ರೆ ಇವ್ರಿಬ್ರೂ ಬತ್ತಾರೆ, ವಾದ ಮಾಡಾಕೆ ಇವ್ರಿಗೆ ಜಾಗ ಬೇಕಲ್ಲ."

ನಮ್ಮನ್ನು ಕೇಳದೆ ನಮ್ಮ ಬೆಳಗ್ಗೆಗಳನ್ನು ಆಯಮ್ಮ ಹೀಗೆ ಹಂಚಿಬಿಟ್ಟರು. ಪೈರು ನೆಟ್ಟ ಮೇಲೆ ವಾರಕ್ಕೆರಡು ಸಲ ನಾನು ಮದ್ದೂರಿನಿಂದ, ಮರೀಗೌಡ ಮಳವಳ್ಳಿಯಿಂದ ಬಸ್ಸು ಹತ್ತುತ್ತೇವೆ. ಗಂಡು ಪತಂಗವನ್ನು ವಾಸನೆಯಿಂದ ಸೆಳೆದು ಹಿಡಿಯುವ ಬಲೆಗಳನ್ನು ಮರೀಗೌಡ ತಂದು ಕಟ್ಟಿದ್ದಾನೆ. ಬಗ್ಗಿ ಬಗ್ಗಿ ಕುಡಿ ಚಿವುಟುವುದರಲ್ಲಿ ನನ್ನ ಸೊಂಟ ಬಿದ್ದಿದೆ. ಆದರೂ ಹುಳ ತನ್ನ ಪಾಲು ತಿನ್ನುತ್ತಲೇ ಇದೆ. ಮೊದಲ ಕೊಯ್ಲಿನಲ್ಲಿ ಮೂರರಲ್ಲೊಂದು ಕಾಯಿ ತೂತು. ಈ ದಾರಿ ಕಾಲೆಕರೆಗೆ ಸರಿ, ಊರಿಗೆಲ್ಲ ಆಗುವುದಿಲ್ಲ ಅನ್ನುವುದು ಮರೀಗೌಡನಿಗೂ ಗೊತ್ತು. ಬಾಯಿ ಬಿಟ್ಟು ಹೇಳುವುದಿಲ್ಲ. ಆ ಬೀಜ ಬಂದರೆ ಹೊಳಲಿನ ನಾಟಿ ಬದನೆ ಹಾಗೆಯೇ ಉಳಿಯುತ್ತದೆ ಅಂತ ಆಣೆ ಮಾಡಲು ನನಗೂ ಆಗುವುದಿಲ್ಲ. ನಾನೂ ಬಾಯಿ ಬಿಡುವುದಿಲ್ಲ.

ಕಳೆದ ವಾರ ಬದುವಿನ ಮೇಲೆ ಕೂತು ತಿಂಡಿ ತಿನ್ನುವಾಗ ಸಣ್ಣತಾಯಮ್ಮ ಒಂದು ನೋಟ್‌ಬುಕ್ಕಿನ ಹಾಳೆ ತಂದು ನನ್ನ ಮುಂದಿಟ್ಟರು.

"ಸರ್ಕಾರಕ್ಕೆ ಒಂದು ಅರ್ಜಿ ಬರೀರಿ ಸಿವಣ್ಣೋರೆ. ನೀವು ಬರ್ದ್ರೆ ಓದ್ತಾರೆ."

ನಾನು ಪೆನ್ನು ತೆಗೆದು, ಕುಲಾಂತರಿ ಬದನೆಗೆ ಕೂಡಲೇ ಒಪ್ಪಿಗೆ ಕೊಡಬೇಕೆಂದು, ಅಂತ ಶುರು ಮಾಡಿದೆ. ಮರೀಗೌಡ ಕೈ ಹಿಡಿದ. "ಈಗ್ಲೇ ಕೊಡ್ಬಾರ್ದು ಅಂತ ಬರಿಯೋ! ಪೂರ್ತಿ ಪರೀಕ್ಸೆ ಆಗೋಗಂಟ ಒಳಕ್ಕೆ ಬಿಡ್ಬ್ಯಾಡಿ ಅಂತ!"

"ಎರಡೂ ಒಡ್ದಾಕಿ," ಅಂದರು ಸಣ್ಣತಾಯಮ್ಮ. "ನಾನು ಯೋಳಿದ್ದು ಬರೀರಿ. ಸ್ವಾಮಿ, ಈ ಬೀಜ ನಮ್ಗೆ ಒಳ್ಳೇದು ಅಂತ ನಿಮ್ಗೆ ಕಂಡ್ರೆ ಕೊಡಿ. ಕೆಟ್ಟದ್ದು ಅಂತ ಕಂಡ್ರೆ ಯಾಕೆ ಅಂತ ನಮ್ಮಳ್ಳಿಗೆ ಬಂದು ನಮ್ ಮುಂದೆ ಯೋಳಿ, ಅದ್ರ ಬದ್ಲು ಏನು ಮಾಡ್ಬೇಕು ಅಂತ್ಲೂ ಯೋಳಿ. ಏನೂ ಯೋಳ್ದೆ ಮಾತ್ರ ಕೂರ್ಬ್ಯಾಡಿ. ನೀವು ಕೂತಿರೋಗಂಟ ನಮ್ಮೋರು ಒಡೀತಾನೇ ಇರ್ತಾರೆ."

ಹೇಳಿದ ಹಾಗೇ ಬರೆದೆ. ಕೆಂಪಣ್ಣ ಸಾಲಿನ ಆಚೆ ತುದಿಯಿಂದ ನಿಧಾನವಾಗಿ ನಡೆದು ಬಂದು, ನಿಂತು, ಉಸಿರು ತೆಗೆದುಕೊಂಡು, ಹಾಳೆಯನ್ನು ಇಣುಕಿ ನೋಡಿದ.

"ಬೇಗ ಅಂತ ಸೇರ್ಸಿ," ಅಂದ.

ಸೇರಿಸಿದೆ. ಸಣ್ಣತಾಯಮ್ಮ ಅಕ್ಷರ ಜೋಡಿಸಿ ಜೋಡಿಸಿ ಸಹಿ ಹಾಕಿದರು. ಕವರಿಗೆ ಹಾಕುವ ಮೊದಲು ಇನ್ನೊಮ್ಮೆ ಓದಿ ಹೇಳಿದಾಗ ಗೊತ್ತಾಯಿತು, 'ಬೇಗ' ಅನ್ನುವುದನ್ನು ನಾನು ಎರಡು ಸಲ ಬರೆದುಬಿಟ್ಟಿದ್ದೆ. ಹೊಡೆದುಹಾಕಲು ಪೆನ್ನು ತೆಗೆದೆ. ಬೇಡ, ಇರಲಿ ಬಿಡು ಅಂದವನು ಮರೀಗೌಡ.